ಯಾವ ವಿಲೀನ ತಪ್ಪಿದ್ದರೆ ನಿಮ್ಮ ಅಂಗಳದಲ್ಲಿ ಯಾವ ಗಾಡಿ ಇರುತ್ತಿತ್ತು?

ಬದಿಯಡ್ಕದ ಅಡಿಕೆಗೋಣಿ

ಮೊದಲೇ ಹೇಳಿಬಿಡುತ್ತೇನೆ, ಇದು ಕಾಸರಗೋಡಿನ ವಿಲೀನದ ಚರ್ಚೆ ಅಲ್ಲ. ನಮ್ಮೂರಲ್ಲಿ ವಿಲೀನ ಅಂದರೆ ಸಾಕು, ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು 1956ರ ನವೆಂಬರ್ 1ರಿಂದ ಶುರು ಮಾಡುತ್ತಾರೆ. ಅದನ್ನು ಬೇರೆ ಕಡೆ ಇಟ್ಟುಕೊಳ್ಳೋಣ. ಇಲ್ಲಿ ಕಾರು ಕಂಪನಿಗಳದ್ದು ಮಾತ್ರ.

ವಿಷಯ ಹುಟ್ಟಿದ್ದು ಹೀಗೆ. ಮೊದಲ ಕೊಯ್ಲಿನ ಅಡಿಕೆ ಕೆಳಗಿನ ತೋಟದಿಂದ ಅಂಗಳಕ್ಕೆ ತರಬೇಕಿತ್ತು. ನೆರೆಮನೆಯ ಹಳೆ ಮಹೀಂದ್ರ ಜೀಪು ಬಂತು. ಆ ಏರಿಗೆ ಬೇರೆ ಯಾವ ಗಾಡಿಯೂ ಹತ್ತುವುದಿಲ್ಲ. ಅಕ್ಕನ ಮಗ, ಏಳನೇ ಕ್ಲಾಸು, ಗೋಣಿಯ ಮೇಲೆ ಕೂತವನು ಕೇಳಿದ, "ಮಾವ, ಈ ಜೀಪು ಯಾವ ದೇಶದ್ದು?"

ಅಮೆರಿಕದ್ದು ಅಂದುಬಿಟ್ಟೆ. ರಾತ್ರಿ ಕೂತು ನೋಡಿದರೆ ಅಷ್ಟು ಸುಲಭ ಇಲ್ಲ. ಮೂಲ ಜೀಪು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿಯದ್ದು. 1953ರಲ್ಲಿ ಕೈಸರ್ ಕೊಂಡಿತು. 1970ರಲ್ಲಿ ಅಮೆರಿಕನ್ ಮೋಟರ್ಸ್, ಅಂದರೆ ಎಎಂಸಿ. ಆ ಎಎಂಸಿಗೆ ಫ್ರಾನ್ಸಿನ ರೆನೋ ಬಂದು ದೊಡ್ಡ ಪಾಲುದಾರ ಆಯಿತು. 1987ರಲ್ಲಿ ಕ್ರೈಸ್ಲರ್ ಪಾಲಾಯಿತು. 1998ರಲ್ಲಿ ಕ್ರೈಸ್ಲರ್ ಜೊತೆಗೇ ಮರ್ಸಿಡಿಸ್ ಮಾಡುವ ಜರ್ಮನಿಯ ಡೈಮ್ಲರ್ ಮನೆಗೆ ಹೋಯಿತು. 2007ರಲ್ಲಿ ಡೈಮ್ಲರ್ ಕೈ ತೊಳೆದುಕೊಂಡಿತು, ಸೆರ್ಬರಸ್ ಎಂಬ ಹೂಡಿಕೆ ಕಂಪನಿ ಹಿಡಿದುಕೊಂಡಿತು. 2009ರಲ್ಲಿ ಕ್ರೈಸ್ಲರ್ ದಿವಾಳಿ, ಇಟಲಿಯ ಫಿಯಟ್ ಬಂತು. 2021ರಿಂದ ಸ್ಟೆಲ್ಲಾಂಟಿಸ್ ಎಂಬ ದೊಡ್ಡ ಗುಂಪು. ನಮ್ಮ ಕುಮ್ಕಿ ಜಾಗದ ದಾಖಲೆಯಲ್ಲೂ ಇಷ್ಟು ಹೆಸರು ಇರಲಿಕ್ಕಿಲ್ಲ.

ನನ್ನ ತಲೆಯಲ್ಲಿ ಕೂತದ್ದು 1987. ರೆನೋದ ಮುಖ್ಯಸ್ಥ ಜಾರ್ಜ್ ಬೆಸ್ಸ್‌ರನ್ನು 1986ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಗುಂಡಿಟ್ಟು ಕೊಂದರು. ಎಎಂಸಿಯನ್ನು ಇಟ್ಟುಕೊಳ್ಳಬೇಕು ಅನ್ನುತ್ತಿದ್ದವರು ಅವರು. ಅವರು ಹೋದ ನಾಲ್ಕು ತಿಂಗಳಿಗೆ, 1987ರ ಮಾರ್ಚ್‌ನಲ್ಲಿ, ಕ್ರೈಸ್ಲರ್‌ಗೆ ಮಾರುವ ಮಾತು ಮುಗಿಯಿತು. ಆ ಗುಂಡು ತಪ್ಪಿದ್ದರೆ ಜೀಪು ಇವತ್ತಿಗೂ ಫ್ರೆಂಚರದ್ದೇ ಆಗಿರುತ್ತಿತ್ತೋ ಏನೋ.

ನಿಮ್ಮದೂ ಒಂದೊಂದು ಹಾಕಿ. ನಿಯಮ ಎರಡೇ. ಇತಿಹಾಸದಲ್ಲಿ ಒಂದೇ ಒಂದು ಸಂಗತಿ ಬದಲಾಯಿಸಬೇಕು. ಆಮೇಲೆ ಬಿಡಿಭಾಗ ಎಲ್ಲಿಂದ ಬರುತ್ತಿತ್ತು ಅಂತ ಹೇಳಬೇಕು. ಸುಮ್ನೆ "ಫೆರಾರಿ ಬರುತ್ತಿತ್ತು" ಅಂದರೆ ಆಗುವುದಿಲ್ಲ.

ಮಂಜೇಶ್ವರ ಟು ದುಬೈ

ಫೆರಾರಿ ಬರುತ್ತಿತ್ತು.

ತಮಾಷೆ ಬಿಡಿ, ಅದೂ ಒಂದು ಕಥೆಯೇ. 1963ರಲ್ಲಿ ಫೋರ್ಡ್ ಫೆರಾರಿಯನ್ನು ಕೊಳ್ಳುವ ಮಾತು ಸಹಿಯ ತನಕ ಬಂದು ಮುರಿಯಿತು. ರೇಸಿನ ಹಿಡಿತ ಬಿಟ್ಟುಕೊಡಲು ಎಂಜೋ ಫೆರಾರಿ ಒಪ್ಪಲಿಲ್ಲ. ಫೋರ್ಡ್ ಸಿಟ್ಟಿನಿಂದ ಜಿಟಿ40 ಎಂಬ ರೇಸು ಕಾರು ಕಟ್ಟಿ 1966ರ ಲ ಮಾನ್ಸ್ ಓಟದಲ್ಲಿ ಮೊದಲ ಮೂರೂ ಸ್ಥಾನ ಹೊಡೆಯಿತು. ಫಿಯಟ್ 1969ರಲ್ಲಿ ಫೆರಾರಿಯ ಅರ್ಧ ಪಾಲು ತೆಗೆದುಕೊಂಡಿತು. ನಮ್ಮ ಪದ್ಮಿನಿ ಕಾರಿನ ಅಪ್ಪನ ಮನೆ ಅದೇ ಫಿಯಟ್ ಅಲ್ವಾ? ಹಾಗಾದರೆ ಬೊಂಬಾಯಿಯ ಆ ಹಳೇ ಟ್ಯಾಕ್ಸಿಗಳೆಲ್ಲ ಫೆರಾರಿಯ ದಾಯಾದಿಗಳು.

ಕುಂಬಳೆ ಮಾಷ್ಟ್ರು

ಅಡಿಕೆಗೋಣಿಯವರೇ, ನಿಮ್ಮ ಒಂದು ಗುಂಡು ತಪ್ಪಿದರೆ ಏನೆಲ್ಲ ಉರುಳುತ್ತದೆ ನೋಡಿ. ಎಎಂಸಿ ಕೈ ಸೇರಿದಾಗ ಕ್ರೈಸ್ಲರ್‌ಗೆ ಸಿಕ್ಕಿದ್ದು ಜೀಪಿನ ಹೆಸರು ಮಾತ್ರ ಅಲ್ಲ. ಗ್ರ್ಯಾಂಡ್ ಚೆರೋಕಿ ಎಂಬ ಜೀಪಿನ ಕೆಲಸ ಎಎಂಸಿಯಲ್ಲೇ ಶುರುವಾಗಿತ್ತು. ಅದು 1992ರಲ್ಲಿ ಬಂದು ಕ್ರೈಸ್ಲರ್‌ನ ಹೊಟ್ಟೆ ತುಂಬಿಸಿತು. ಹೊಟ್ಟೆ ತುಂಬಿದ ಕ್ರೈಸ್ಲರ್ ಕಂಡೇ ಡೈಮ್ಲರ್ 1998ರಲ್ಲಿ ಸುಮಾರು 36 ಶತಕೋಟಿ ಡಾಲರಿನ ಸಂಬಂಧ ಮಾಡಿದ್ದು. ಜೀಪು ಇಲ್ಲದ ಕ್ರೈಸ್ಲರನ್ನು ಯಾರು ನೋಡುತ್ತಿದ್ದರು?

ಇನ್ನೊಂದು ಕಡೆ, ಅಮೆರಿಕದಲ್ಲಿ ಎಎಂಸಿಗೆ ದುಡ್ಡು ಸುರಿಯುತ್ತಾ ಕೂತ ರೆನೋಗೆ 1999ರಲ್ಲಿ ನಿಸ್ಸಾನಿನ 36.8 ಶೇಕಡ ಪಾಲು ಕೊಳ್ಳುವ ಶಕ್ತಿ ಇರುತ್ತಿತ್ತೇ? ಆಗ ಡೈಮ್ಲರ್ ಕೂಡ ನಿಸ್ಸಾನ್ ಬಾಗಿಲಲ್ಲೇ ನಿಂತಿತ್ತು. ಮಾರ್ಚ್‌ನಲ್ಲಿ ಹಿಂದೆ ಸರಿಯಿತು. ಕ್ರೈಸ್ಲರ್ ಮದುವೆ ಆಗದ ಡೈಮ್ಲರ್ ಹಿಂದೆ ಸರಿಯುತ್ತಿರಲಿಲ್ಲ. ನಿಸ್ಸಾನ್-ಮರ್ಸಿಡಿಸ್ ಒಂದೇ ಮನೆ. ಮದ್ರಾಸಿನ ಹತ್ತಿರ ಒರಗಡಂನಲ್ಲಿ ರೆನೋ-ನಿಸ್ಸಾನ್ ಕಾರ್ಖಾನೆಯೇ ಇಲ್ಲ.

ನಲವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವನು ನಾನು. ಒಂದು ಕಲ್ಲು ಸರಿಸಿದರೆ ಇಡೀ ಕಟ್ಟಪುಣಿ ಜಾರುತ್ತದೆ.

ಉಪ್ಪಳ ಗ್ಯಾರೇಜ್

ಮಾಷ್ಟ್ರೇ, ನೀವು ಹೇಳುವುದು ಪೇಪರಿನ ಲೆಕ್ಕ. ನನಗೆ ಯಾರು ಯಾರನ್ನು ಕೊಂಡರು ಅಂತ ಗೊತ್ತಾಗುವುದು ಬಾನೆಟ್ ಎತ್ತಿದಾಗ.

1.3 ಡೀಸೆಲ್ ತೆಗೆದುಕೊಳ್ಳಿ. ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ಟಾಟಾದ ವಿಸ್ಟಾ, ಮಾಂಜಾ, ಫಿಯಟಿನ ಪುಂಟೋ, ಲೀನಿಯಾ, ಎಲ್ಲದರಲ್ಲೂ ಒಂದೇ ಎಂಜಿನ್. ಮಲ್ಟಿಜೆಟ್. ಬೆಲ್ಟ್ ಇಲ್ಲ, ಟೈಮಿಂಗ್ ಚೈನು. ಹೊರಗೆ ಮೂರು ಕಂಪನಿಯ ಲಾಂಛನ, ಒಳಗೆ ಒಂದೇ ಎಂಜಿನ್. ತಲಪಾಡಿಯಿಂದ ಕಾಸರಗೋಡು ತನಕ ಎಷ್ಟು ಟ್ಯಾಕ್ಸಿ ಡಿಜೈರ್ ಓಡಿದವು ಅಂತ ನಮ್ಮಂಥವರನ್ನು ಕೇಳಿ.

ಇದು ಹುಟ್ಟಿದ್ದು ಹೇಗೆ? ಮುರಿದ ಸಂಬಂಧದಿಂದ. 2000ದಲ್ಲಿ ಜನರಲ್ ಮೋಟರ್ಸ್, ಅಂದರೆ ಜಿಎಂ, ಫಿಯಟ್ ಕಾರು ವಿಭಾಗದ 20 ಶೇಕಡ ಕೊಂಡಿತು. ಎಂಜಿನ್ ಕೆಲಸ ಒಟ್ಟಿಗೆ ಮಾಡುವ ಅಂತ ಕೂತರು. ಒಪ್ಪಂದದಲ್ಲಿ ಒಂದು ಕೊಕ್ಕೆ ಇತ್ತು. ಫಿಯಟ್ ಬಯಸಿದರೆ ಉಳಿದ ಪಾಲನ್ನೂ ಜಿಎಂ ಕೊಳ್ಳಲೇಬೇಕು. ಫಿಯಟ್ ಮುಳುಗುತ್ತಿತ್ತು, ಜಿಎಂಗೆ ಬೇಡ. 2005ರಲ್ಲಿ ಸುಮಾರು 2 ಶತಕೋಟಿ ಡಾಲರ್ ಕೊಟ್ಟು ಜಿಎಂ ಬಿಡುಗಡೆ ಪಡೆಯಿತು. ಮದುವೆ ಆಗದೇ ಇರಲು ಕೊಟ್ಟ ವರದಕ್ಷಿಣೆ! ಆದರೆ ಅಷ್ಟರೊಳಗೆ ಮಗು ಹುಟ್ಟಿತ್ತು. 2003ರಲ್ಲೇ ಮಲ್ಟಿಜೆಟ್ ಬಂದಿತ್ತು. ಸುಜುಕಿಯಲ್ಲಿ ಆಗ ಜಿಎಂ ಪಾಲಿತ್ತು, ಹಾಗೆ ದಾರಿ ಸುಜುಕಿಗೂ ತೆರೆಯಿತು. 2007ರಿಂದ ಮಾರುತಿ ಸ್ವಿಫ್ಟ್ ಡೀಸೆಲ್.

ನನ್ನ ಬದಲಾವಣೆ ಇದು: 2000ದಲ್ಲಿ ಜಿಎಂ ಫಿಯಟ್ ಬಾಗಿಲು ತಟ್ಟಲಿಲ್ಲ. ಬಿಡಿಭಾಗದ ಪ್ರಶ್ನೆಗೆ ಉತ್ತರ: ಎಲ್ಲಿಂದಲೂ ಇಲ್ಲ. ಮಾರುತಿ ಬೇರೆ ಯಾರದ್ದೋ ಡೀಸೆಲ್ ಹುಡುಕುತ್ತಾ ಇರುತ್ತಿತ್ತು. ನನ್ನ ಅರ್ಧ ಗಿರಾಕಿಗಳು ಇರುತ್ತಿರಲಿಲ್ಲ.

ಹೊಸೂರು ಬಿ ಶಿಫ್ಟ್

ಗ್ಯಾರೇಜಣ್ಣ ಹೇಳಿದ್ದು ಸರಿ. ತಾಯಿ ಹೋದರೂ ಮಗು ಬದುಕುತ್ತದೆ. ಹೊಸೂರಲ್ಲಿ ಕೂತಿರುವ ನನಗೆ ಅದಕ್ಕಿಂತ ದೊಡ್ಡ ಉದಾಹರಣೆ ಕಣ್ಣ ಮುಂದೆಯೇ ಇದೆ, ಅಶೋಕ್ ಲೇಲ್ಯಾಂಡ್.

1948ರಲ್ಲಿ ಅಶೋಕ್ ಮೋಟರ್ಸ್ ಅಂತ ಶುರುವಾದದ್ದು ಆಸ್ಟಿನ್ ಕಾರು ಜೋಡಿಸಲಿಕ್ಕೆ. 1955ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆಯಾಗಿ ಹೆಸರು ಬದಲಾಯಿತು. ಕಾರು ಬಿಟ್ಟು ಲಾರಿ, ಬಸ್ಸಿಗೆ ಬಂದರು. ಅತ್ತ ಇಂಗ್ಲೆಂಡಿನಲ್ಲಿ ಆಸ್ಟಿನ್ 1952ರಲ್ಲೇ ಮಾರಿಸ್ ಜೊತೆ ಸೇರಿ ಬಿಎಂಸಿ ಆಗಿತ್ತು. 1968ರಲ್ಲಿ ಆ ಗುಂಪನ್ನೂ ಲೇಲ್ಯಾಂಡನ್ನೂ ಒಂದೇ ಪಾತ್ರೆಗೆ ಹಾಕಿ ಬ್ರಿಟಿಷ್ ಲೇಲ್ಯಾಂಡ್ ಮಾಡಿದರು. ಅಂದರೆ ಮದರಾಸಿನಲ್ಲಿ ಒಂದೇ ಶೆಡ್ಡಿನ ಕಂಪನಿ ಒಂದರ ನಂತರ ಒಂದು ಹಿಡಿದ ಎರಡು ಕೈಗಳನ್ನು ಇಂಗ್ಲೆಂಡಿನವರು ಹದಿಮೂರು ವರ್ಷ ತಡವಾಗಿ ಜೋಡಿಸಿದರು.

ಆಮೇಲೆ ಗೊತ್ತಲ್ಲ. ಮುಷ್ಕರ, ನಷ್ಟ, 1975ರಲ್ಲಿ ಅಲ್ಲಿನ ಸರ್ಕಾರದ ಕೈಗೆ. 1987ರಲ್ಲಿ ಇಲ್ಲಿನ ಪಾಲನ್ನು ಹಿಂದೂಜಾ ಮತ್ತು ಇವೆಕೊ ಸೇರಿ ಕೊಂಡರು. ಇವತ್ತು ಇಂಗ್ಲೆಂಡಿನ ಲೇಲ್ಯಾಂಡ್ ಊರಿನ ಕಾರ್ಖಾನೆಯಿಂದ ಹೊರಡುವ ಲಾರಿಯ ಮೇಲೆ ಡಿಎಎಫ್ ಅಂತ ಇರುತ್ತದೆ. ಹೊಸೂರಿಂದ ಹೊರಡುವ ಲಾರಿಯ ಮೇಲೆ ಲೇಲ್ಯಾಂಡ್ ಅಂತ ಇರುತ್ತದೆ. ಒಮ್ಮೊಮ್ಮೆ ರಾತ್ರಿ ಶಿಫ್ಟ್ ಮುಗಿಸಿ ಗೇಟಿನ ಹೊರಗೆ ಚಹಾ ಕುಡಿಯುವಾಗ ಆ ಊರಿನವರಿಗೆ ಇದು ಗೊತ್ತಿದೆಯಾ ಅನ್ನಿಸುತ್ತದೆ.

ನನ್ನ ಆಟ: 1968ರ ವಿಲೀನ ಆಗಲಿಲ್ಲ. ಲಾರಿ ಕಂಪನಿ ಲಾರಿಯನ್ನೇ ಮಾಡಿಕೊಂಡು ಇತ್ತು, ಕಾರಿನ ನಷ್ಟ ತಲೆಗೆ ಕಟ್ಟಿಕೊಳ್ಳಲಿಲ್ಲ. ಹಾಗಿದ್ದರೆ ಅವರು ನಮ್ಮನ್ನು ಮಾರುತ್ತಲೇ ಇರಲಿಲ್ಲ. ನಾನು ಇವತ್ತು ಬ್ರಿಟಿಷ್ ಕಂಪನಿಯ ನೌಕರ.

ಕುಂಬಳೆ ಮಾಷ್ಟ್ರು

ಚೆನ್ನಾಗಿದೆ. ಆದರೆ ಒಂದು ಸೇರಿಸಿ. ಆ 1968ರ ಪಾತ್ರೆಯಲ್ಲಿ ಇದ್ದವರು ಯಾರು? ಮಾರಿಸ್, ಅಂದರೆ ನಮ್ಮ ಅಂಬಾಸಿಡರಿನ ಮೂಲ. ಸ್ಟ್ಯಾಂಡರ್ಡ್-ಟ್ರಯಂಫ್, ಅಂದರೆ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡಿನ ಮೂಲ. ಮತ್ತೆ ಲೇಲ್ಯಾಂಡ್. ಅಲ್ಲಿ ಎಲ್ಲರೂ ಒಂದು, ಇಲ್ಲಿ ಮೂವರೂ ಬೇರೆ. ಇಲ್ಲಿಯೂ ಹಾಗೆ ಒಂದು ಮಾಡಿದ್ದರೆ? ಒಂದು ಭಾರತೀಯ ಲೇಲ್ಯಾಂಡ್!

ಆಗುತ್ತಿರಲಿಲ್ಲ ಬಿಡಿ. 1969ರಲ್ಲಿ ಏಕಸ್ವಾಮ್ಯ ತಡೆಯುವ ಕಾಯ್ದೆ ಬಂತು. ಎಷ್ಟು ಕಾರು ಮಾಡಬೇಕು ಅಂತ ಸರ್ಕಾರವೇ ಹೇಳುತ್ತಿದ್ದ ಕಾಲ. ಆಗಿದ್ದರೂ ಅಂಬಾಸಿಡರಿಗೆ ಲಾರಿಯ ಸ್ಟೇರಿಂಗ್ ಹಾಕಿ ಕೊಡುತ್ತಿದ್ದರು.

ಮಂಜೇಶ್ವರ ಟು ದುಬೈ

ಹಾಕದೆಯೇ ಹಾಗಿತ್ತಲ್ಲ ಮಾಷ್ಟ್ರೇ.

ಸೊಲ್ಲಾಪುರದ ಚಾದರ

ತಡವಾಗಿ ಬಂದೆ, ಕ್ಷಮಿಸ್ರಿ. ನೀವೆಲ್ಲ ಹೊರಗಿನ ಕಂಪನಿ ಎಣಸ್ತೀರಿ, ಮನೆಯ ಕಥೆ ಬಿಟ್ಟುಬಿಟ್ಟೀರಿ.

ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ನಮ್ಮ ಸೊಲ್ಲಾಪುರದಲ್ಲಿ, 1882ರಲ್ಲಿ. ಅವರ ಹೆಸರಿನ ಕಾಲೇಜು ಈಗಲೂ ಇಲ್ಲಿದೆ. ಅತ್ತ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷದ ಮೇಲೆ, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಅಮೆರಿಕ ಸುತ್ತಿ ಕಾರು ಕಾರ್ಖಾನೆ ನೋಡಿಕೊಂಡು ಬಂದರು. ಈ ದೇಶದಲ್ಲಿ ಕಾರು ಮಾಡಲೇಬೇಕು ಅಂತ ಯೋಜನೆ ಬರೆದರು. ವಾಲ್‌ಚಂದ್ ಕೈ ಜೋಡಿಸಿದರು. ಕ್ರೈಸ್ಲರ್ ಜೊತೆ ಮಾತಾಯಿತು. ಮೈಸೂರು ಸಂಸ್ಥಾನ ಬೆಂಗಳೂರಲ್ಲಿ ಜಾಗ ಕೊಟ್ಟು ಪಾಲು ಹಾಕುವ ಮನಸ್ಸು ಮಾಡಿತ್ತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೆಲಸ ಅಲ್ಲಿಗೇ ನಿಂತಿತು.

ಅದೇ ವಾಲ್‌ಚಂದ್, ಅದೇ ಮೈಸೂರು, 1940ರ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಹಾಕಿದರು. ಇವತ್ತಿನ ಎಚ್‌ಎಎಲ್. ಯುದ್ಧಕ್ಕೆ ವಿಮಾನ ಬೇಕಿತ್ತು, ಕಾರು ಬೇಕಿರಲಿಲ್ಲ. ಕಾರಿನ ಕನಸು 1944ರಲ್ಲಿ ಬೊಂಬಾಯಿ ಕಡೆ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಹುಟ್ಟಿತು. ಮೊದಲು ಕ್ರೈಸ್ಲರ್ ಗಾಡಿಗಳು, ಆಮೇಲೆ ಫಿಯಟ್, ಆಮೇಲೆ ಪದ್ಮಿನಿ.

ನಾ ಬದಲಿಸೋದು ಆ ಒಂದು ಬೆಂಬಲ. ಸರ್ಕಾರ ಹೂಂ ಅಂದಿದ್ದರೆ ಮೊದಲ ದೇಶೀ ಕಾರು ಬೆಂಗಳೂರಿನದು. ಬಿಡಿಭಾಗ? ಬೆಂಗಳೂರಿನ ಕಲಾಸಿಪಾಳ್ಯದಿಂದ.

ಬದಿಯಡ್ಕದ ಅಡಿಕೆಗೋಣಿ

ಚಾದರದವರೇ, ಇದಕ್ಕೇ ನಾನು ಕಾಯುತ್ತಿದ್ದೆ. ಹಾಗಾಗಿದ್ದರೆ ನಮ್ಮ ಕಡೆಯ ಹುಡುಗರು ಬೊಂಬಾಯಿ ಬಸ್ಸು ಹತ್ತುವ ಬದಲು ಬೆಂಗಳೂರು ಬಸ್ಸು ಹತ್ತುತ್ತಿದ್ದರು. ನಮ್ಮ ದೊಡ್ಡಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದು ಆಮೇಲೆ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. ಊರಿಗೆ ಬಂದಾಗ ಗೇರು ಎಲ್ಲಿದೆ ಅಂತ ಸ್ಟೇರಿಂಗ್ ಹತ್ತಿರ ಗಾಳಿಯಲ್ಲಿ ಕೈ ಆಡಿಸಿ ತೋರಿಸುತ್ತಿದ್ದರು. ಮೇಲೆ ಎಳೆದು ಮುಂದೆ, ಕೆಳಗೆ ಬಿಟ್ಟು ಹಿಂದೆ. ನಾವು ಮಕ್ಕಳೆಲ್ಲ ಊಟದ ಪಂಕ್ತಿಯಲ್ಲಿ ಕೂತು ಅದನ್ನೇ ಮಾಡುತ್ತಿದ್ದೆವು.

ಮಡಕಶಿರಾ ಕಡ್ಲೆಕಾಯಿ

ನಿಮ್ಮದೆಲ್ಲ ಹಳೇ ಕಥೆ. ನಮ್ಮದು ಬಿಸಿ ಬಿಸಿ. ನಮ್ಮ ಪಕ್ಕದ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ ಇದೆ. 2017ರಲ್ಲಿ ಒಪ್ಪಂದ, 2019ರ ಆಗಸ್ಟಿನಲ್ಲಿ ಮೊದಲ ಸೆಲ್ಟೋಸ್ ಹೊರಗೆ ಬಂತು. ಶುರುವಿನಲ್ಲೇ ವರ್ಷಕ್ಕೆ 3 ಲಕ್ಷ ಕಾರು ಮಾಡುವ ತಾಕತ್ತು. ವಿಜಯನಗರದ ಅರಸರು ತಾಳಿಕೋಟೆ ಯುದ್ಧದ ಮೇಲೆ ಬಂದು ಕೂತ ಊರು. ಈಗ ಕೊರಿಯಾದವರು ಬಂದು ಕೂತಿದ್ದಾರೆ. ಕಡ್ಲೆಕಾಯಿ ಹೊಲದ ನಡುವೆ ಕೊರಿಯನ್ ಅಕ್ಷರದ ಹೋಟೆಲ್ ಬೋರ್ಡು. ಮೊದಲ ಸಲ ನೋಡಿದಾಗ ನಮ್ಮಜ್ಜಿ ಇದೇನು ಹೊಸ ತೆಲುಗಾ ಅಂದರು.

ಈಗ ಆಟ. 1997ರಲ್ಲಿ ಕಿಯಾ ದಿವಾಳಿ. 1998ರಲ್ಲಿ ಹರಾಜು. ಹ್ಯುಂಡೈ, ಡೇವೂ, ಸ್ಯಾಮ್‌ಸಂಗ್, ಫೋರ್ಡ್, ನಾಲ್ಕೂ ಬಂದಿದ್ದವು. ಫೋರ್ಡ್‌ಗೂ ಅದರ ನಂಟು ಮಜ್ದಾಗೂ ಸೇರಿ ಕಿಯಾದಲ್ಲಿ ಮೊದಲೇ ಸುಮಾರು 17 ಶೇಕಡ ಪಾಲಿತ್ತು. ಅಮೆರಿಕದಲ್ಲಿ ಫೋರ್ಡ್ ಮಾರುತ್ತಿದ್ದ ಫೆಸ್ಟಿವಾ ಎಂಬ ಸಣ್ಣ ಕಾರನ್ನು ಮಾಡಿಕೊಡುತ್ತಿದ್ದದ್ದೇ ಕಿಯಾ. ಮನೆ ಅಳಿಯನಿಗೇ ಹೋಗಬೇಕಿತ್ತು, ಪಕ್ಕದ ಮನೆಯವನು ಎತ್ತಿಕೊಂಡು ಹೋದ. ಅಕ್ಟೋಬರಿನಲ್ಲಿ ಹ್ಯುಂಡೈ ಗೆದ್ದಿತು.

ಫೋರ್ಡ್ ಗೆದ್ದಿದ್ದರೆ? ಫೋರ್ಡ್‌ಗೆ ಆಗಲೇ ಮದ್ರಾಸಿನ ಹತ್ತಿರ ಮರೈಮಲೈ ನಗರದಲ್ಲಿ ಕಾರ್ಖಾನೆ ಸಿದ್ಧವಾಗುತ್ತಿತ್ತು. ಕಿಯಾ ಕಾರು ಅಲ್ಲೇ ಆಗುತ್ತಿತ್ತು. ಪೆನುಕೊಂಡಕ್ಕೆ ಯಾರೂ ಬರುತ್ತಿರಲಿಲ್ಲ. ನನ್ನ ತಮ್ಮ ಬೆಂಗಳೂರಲ್ಲಿ ರೂಮು ಬಾಡಿಗೆ ಕಟ್ಟುತ್ತಾ ಇರುತ್ತಿದ್ದ. ಈಗ ಮನೆಯಿಂದ ಬುತ್ತಿ ಕಟ್ಟಿಕೊಂಡು ಕಂಪನಿ ಬಸ್ಸಿಗೆ ಹೋಗುತ್ತಾನೆ. ಅದಕ್ಕೇ ನಾನು ಏನೂ ಬದಲಾಯಿಸುವುದಿಲ್ಲ. ಆಗಿದ್ದೇ ಇರಲಿ.

ಹೊಸೂರು ಬಿ ಶಿಫ್ಟ್

ನಿಯಮ ಮುರಿದಿರಿ. ಆದರೆ ಉತ್ತರ ಇಷ್ಟವಾಯಿತು.

ಫೋರ್ಡ್ ಬಗ್ಗೆ ಇನ್ನೊಂದು. 2000ದ ಜೂನಿನಲ್ಲಿ ಡೇವೂ ಕೊಳ್ಳಲು 6.9 ಶತಕೋಟಿ ಡಾಲರ್ ಕೊಡುತ್ತೇನೆ ಅಂತ ಫೋರ್ಡ್ ಮುಂದೆ ಬಂದಿತ್ತು. ಲೆಕ್ಕಪತ್ರ ನೋಡಿ ಸೆಪ್ಟೆಂಬರಿನಲ್ಲಿ ಓಡಿಹೋಯಿತು. ಆಮೇಲೆ ಜಿಎಂ ಅದಕ್ಕಿಂತ ಎಷ್ಟೋ ಕಡಿಮೆಗೆ ಹಿಡಿಯಿತು. ನಮ್ಮ ರಸ್ತೆಯಲ್ಲಿ ಡೇವೂದ ಮ್ಯಾಟಿಜ್ ಹೋಗಿ ಶೆವರ್ಲೆ ಸ್ಪಾರ್ಕ್ ಬಂದದ್ದು ಹಾಗೆ. ಎರಡು ಸಲ ಕೊರಿಯಾದ ಬಾಗಿಲ ತನಕ ಹೋಗಿ ಎರಡು ಸಲವೂ ಕೈ ಖಾಲಿ. ಸಣ್ಣ ಕಾರು ಗೊತ್ತಿದ್ದವರು ಮನೆಯಲ್ಲಿ ಇದ್ದಿದ್ದರೆ ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ಮಾಡುವುದು ನಿಲ್ಲಿಸುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಮಂಜೇಶ್ವರ ಟು ದುಬೈ

ಫೋರ್ಡ್ ಅಂದಮೇಲೆ ಟಾಟಾ ಕಥೆ ಬರಲೇಬೇಕಲ್ಲ. ವಾಟ್ಸಾಪಿನಲ್ಲಿ ವಾರಕ್ಕೆ ಎರಡು ಸಲ ಬರುತ್ತದೆ. ಅವಮಾನ ಮಾಡಿದ ಫೋರ್ಡ್, ಸೇಡು ತೀರಿಸಿಕೊಂಡ ರತನ್ ಟಾಟಾ, ಹಿನ್ನೆಲೆಯಲ್ಲಿ ಸಿನಿಮಾ ಸಂಗೀತ.

ಕುಂಬಳೆ ಮಾಷ್ಟ್ರು

ಆ ಸಂಗೀತ ಬಂದ್ ಮಾಡಿ ಲೆಕ್ಕ ನೋಡುವ. 1998ರ ಕೊನೆಗೆ ಇಂಡಿಕಾ ಬಂತು, ಮೊದಲಿಗೆ ಕಷ್ಟವಾಯಿತು. 1999ರಲ್ಲಿ ಕಾರು ವಿಭಾಗ ಮಾರುವ ಮಾತಿಗೆ ಟಾಟಾದವರು ಡೆಟ್ರಾಯಿಟ್‌ಗೆ ಹೋದರು, ಮಾತು ಕಹಿಯಾಯಿತು ಅಂತ ಅವರ ಜೊತೆ ಇದ್ದ ಅಧಿಕಾರಿ 2015ರಲ್ಲಿ ಹೇಳಿದರು. 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರನ್ನು ಟಾಟಾ 2.3 ಶತಕೋಟಿ ಡಾಲರಿಗೆ ಕೊಂಡಿತು. ಜಾಗ್ವಾರಿಗೊಂದಕ್ಕೇ ಫೋರ್ಡ್ 1989ರಲ್ಲಿ 2.5 ಶತಕೋಟಿ ಕೊಟ್ಟಿತ್ತು. ಲ್ಯಾಂಡ್ ರೋವರಿಗೆ 2000ದಲ್ಲಿ ಇನ್ನೂ ಅಷ್ಟೇ. ಎರಡರ ಬೆಲೆ ಒಂದಕ್ಕಿಂತ ಕಡಿಮೆ! ಸೇಡಿಗಿಂತ ಇದು ಒಳ್ಳೆಯ ವ್ಯಾಪಾರ.

ನನಗೆ ಇಷ್ಟವಾಗುವ ತುಣುಕು ಬೇರೆ. ಫೋರ್ಡ್ ಬಿಟ್ಟುಹೋದ ಗುಜರಾತಿನ ಸಾನಂದದ ಕಾರ್ಖಾನೆಯನ್ನು 2022ರಲ್ಲಿ ಟಾಟಾ 725.7 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದವಾಯಿತು. 1999ರಲ್ಲಿ ಆ ಮಾತು ಸಿಹಿಯಾಗಿ ಮುಗಿದಿದ್ದರೆ ಇಂಡಿಕಾ ಫೋರ್ಡ್ ಪಾಲು. ನೆಕ್ಸಾನ್ ಇಲ್ಲ. ಟಾಟಾದವರು ಲಾರಿ ಮಾಡಿಕೊಂಡು ಇರುತ್ತಿದ್ದರು. ಲ್ಯಾಂಡ್ ರೋವರನ್ನು ಯಾರು ಕೊಳ್ಳುತ್ತಿದ್ದರೋ, ನಮ್ಮವರಂತೂ ಅಲ್ಲ.

ನನ್ನದು ಇನ್ನೂ ಹೇಳಿಲ್ಲ. 1982. ಸಂಜಯ್ ಗಾಂಧಿ ತೀರಿಕೊಂಡ ಮೇಲೆ 1981ರಲ್ಲಿ ಸರ್ಕಾರ ಮಾರುತಿ ಉದ್ಯೋಗ್ ಮಾಡಿತು. ಜೊತೆಗಾರನನ್ನು ಹುಡುಕುತ್ತಿದ್ದರು. ರೆನೋ, ಫೋಕ್ಸ್‌ವ್ಯಾಗನ್ ಹೆಸರು ಬಂದುಹೋದವು. ಡೈಹಾಟ್ಸು ಓಟದಲ್ಲಿತ್ತು. ಕೊನೆಗೆ ಅಕ್ಟೋಬರಿನಲ್ಲಿ ಸುಜುಕಿ ಸಹಿ ಹಾಕಿತು, 26 ಶೇಕಡ ಪಾಲು. 1983ರ ಡಿಸೆಂಬರ್ 14ಕ್ಕೆ ಮೊದಲ ಮಾರುತಿ 800.

ಸುಜುಕಿ ತಡಮಾಡಿ ಡೈಹಾಟ್ಸು ಗೆದ್ದಿತು ಅಂದುಕೊಳ್ಳಿ. ಡೈಹಾಟ್ಸು ಮುಂದೆ ಟೊಯೋಟಾದ ಹೊಟ್ಟೆಗೆ ಹೋಯಿತು, 2016ರಲ್ಲಿ ಪೂರ್ತಿ. ಅಂದರೆ ಭಾರತದ ಅತಿ ದೊಡ್ಡ ಕಾರು ಕಂಪನಿ ಇವತ್ತು ಟೊಯೋಟಾ ಆಗಿರುತ್ತಿತ್ತು. ಬಿಡದಿಯಲ್ಲಿ ಬೇರೆ ಕಾರ್ಖಾನೆ ಹಾಕುವ ಕೆಲಸವೇ ಇಲ್ಲ.

ಉಪ್ಪಳ ಗ್ಯಾರೇಜ್

ಈಗಲೂ ಎಂತ ದೊಡ್ಡ ವ್ಯತ್ಯಾಸ ಮಾಷ್ಟ್ರೇ? ಸುಜುಕಿಯಲ್ಲಿ ಟೊಯೋಟಾಕ್ಕೆ 2019ರಿಂದ ಸುಮಾರು 5 ಶೇಕಡ ಪಾಲಿದೆ. ಗ್ಲಾನ್ಜಾ ಬಾನೆಟ್ ಎತ್ತಿದರೆ ಬಲೆನೋ. ನನ್ನ ಹುಡುಗ ಗಿರಾಕಿಯ ಮುಂದೆಯೇ "ಬಲೆನೋದ ಬ್ರೇಕ್ ಪ್ಯಾಡ್ ಕೊಡಿ" ಅಂತ ಫೋನಿನಲ್ಲಿ ಕೇಳಿದ. ಗಿರಾಕಿ ಮುಖ ಬಾಡಿಹೋಯಿತು. ಪಾಪ, ಟೊಯೋಟಾ ಅಂತ ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡು ಬಂದಿದ್ದರು.

ಬದಿಯಡ್ಕದ ಅಡಿಕೆಗೋಣಿ

ಸುಜುಕಿಗೆ ನಿಜವಾದ ಗಂಡಾಂತರ ಬಂದದ್ದು 1982ರಲ್ಲಿ ಅಲ್ಲ, 2009ರಲ್ಲಿ. ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ 19.9 ಶೇಕಡ ಪಾಲು ಕೊಂಡಿತು. ಸಮಾನರ ಗೆಳೆತನ ಅಂತ ಸುಜುಕಿ ತಿಳಿದಿತ್ತು. ಒಂದೂವರೆ ವರ್ಷ ಆಗುವ ಮೊದಲೇ ತನ್ನ ವಾರ್ಷಿಕ ವರದಿಯಲ್ಲಿ ಫೋಕ್ಸ್‌ವ್ಯಾಗನ್ ಸುಜುಕಿಯನ್ನು ತನ್ನ ಪ್ರಭಾವಕ್ಕೆ ಒಳಪಟ್ಟ ಕಂಪನಿ ಅಂತ ಬರೆಯಿತು. ಸುಜುಕಿಯ ಮುಖ್ಯಸ್ಥ ಒಸಾಮು ಸುಜುಕಿ ಕೆಂಡವಾದರು. ಅಷ್ಟರಲ್ಲಿ ಸುಜುಕಿ ಫಿಯಟ್‌ನಿಂದ ಡೀಸೆಲ್ ಎಂಜಿನ್ ತರಿಸಿತು. ಒಪ್ಪಂದ ಮುರಿದಿರಿ ಅಂತ ಫೋಕ್ಸ್‌ವ್ಯಾಗನ್ ಬೊಬ್ಬೆ ಹಾಕಿತು. ಮದುವೆಯಾಗಿ ಬಂದವಳು ಪಕ್ಕದ ಮನೆಯಿಂದ ಸಾಂಬಾರು ತರಿಸಿದ ಹಾಗೆ. 2015ರ ಆಗಸ್ಟಿನಲ್ಲಿ ಪಂಚಾಯ್ತಿ ತೀರ್ಪು, ಪಾಲು ವಾಪಸ್. ಮುಂದಿನ ತಿಂಗಳೇ ಫೋಕ್ಸ್‌ವ್ಯಾಗನ್ ಡೀಸೆಲ್ ಹೊಗೆಯ ಮೋಸ ಬಯಲು!

ಸುಜುಕಿ ತೆಪ್ಪಗೆ ಕೂತಿದ್ದರೆ ಮಾರುತಿಯ ಪ್ರತಿ ಡೀಸೆಲಿನಲ್ಲೂ ಫೋಕ್ಸ್‌ವ್ಯಾಗನ್ ಎಂಜಿನ್ ಇರುತ್ತಿತ್ತು. ಆ ಸೆಪ್ಟೆಂಬರ್ ತಿಂಗಳು ಹೇಗಿರುತ್ತಿತ್ತು ಯೋಚಿಸಿ.

ಕುಂಬಳೆ ಮಾಷ್ಟ್ರು

ಇಲ್ಲಿ ನಾನು ಒಪ್ಪುವುದಿಲ್ಲ. ಫೋಕ್ಸ್‌ವ್ಯಾಗನ್ ಎಂಜಿನ್ ಇಲ್ಲಿನ ಬೆಲೆಗೆ ಬಗ್ಗುತ್ತಿರಲಿಲ್ಲ. ಮಾರುತಿ ಗಿರಾಕಿ ಮೈಲೇಜ್ ಕೇಳುತ್ತಾನೆ, ಜರ್ಮನ್ ಲಾಂಛನ ಕೇಳುವುದಿಲ್ಲ. ಒಂದೆರಡು ವರ್ಷ ನೋಡಿ ಮತ್ತೆ ಫಿಯಟ್ ಹತ್ತಿರವೇ ಹೋಗುತ್ತಿದ್ದರು.

ಬದಿಯಡ್ಕದ ಅಡಿಕೆಗೋಣಿ

ಮಾಲೀಕ ಬಿಟ್ಟರೆ ತಾನೇ ಹೋಗುವುದು?

ಕುಂಬಳೆ ಮಾಷ್ಟ್ರು

19.9 ಶೇಕಡದವನು ಮಾಲೀಕನೇ? ಐದರಲ್ಲಿ ಒಂದು ಪಾಲಿಗೆ ಇಡೀ ಮನೆಯ ಕೀಲಿ ಕೇಳುವುದು ಯಾವ ನ್ಯಾಯ?

ಸೊಲ್ಲಾಪುರದ ಚಾದರ

ಇಬ್ಬರೂ ಸುಮ್ಮನಿರ್ರಿ, ಪಾಲಿನ ಜಗಳ ಇಲ್ಲೂ ಶುರು ಆಯ್ತು.

ಮಂಜೇಶ್ವರ ಟು ದುಬೈ

ಕೀಲಿ ಅಂದಾಗ ನೆನಪಾಯಿತು. 1998ರಲ್ಲಿ ಫೋಕ್ಸ್‌ವ್ಯಾಗನ್ 430 ದಶಲಕ್ಷ ಪೌಂಡ್ ಕೊಟ್ಟು ರೋಲ್ಸ್ ರಾಯ್ಸ್ ಕಾರು ಕಂಪನಿ ಕೊಂಡಿತು. ಕಾರ್ಖಾನೆ ಸಿಕ್ಕಿತು, ಬೆಂಟ್ಲಿ ಸಿಕ್ಕಿತು, ಬಾನೆಟ್ ಮೇಲಿನ ದೇವತೆಯ ಬೊಂಬೆಯೂ ಸಿಕ್ಕಿತು. ಹೆಸರು ಸಿಗಲಿಲ್ಲ. ಹೆಸರು ಇದ್ದದ್ದು ವಿಮಾನ ಎಂಜಿನ್ ಮಾಡುವ ರೋಲ್ಸ್ ರಾಯ್ಸ್ ಬಳಿ. ಅವರು ಅದನ್ನು 40 ದಶಲಕ್ಷಕ್ಕೆ ಬಿಎಂಡಬ್ಲ್ಯುಗೆ ಕೊಟ್ಟರು. ಮನೆ ರಿಜಿಸ್ಟ್ರಿ ಆದಮೇಲೆ ಬಾವಿ ಬೇರೆಯವರ ಸರ್ವೇ ನಂಬರಿನಲ್ಲಿದೆ ಅಂತ ಗೊತ್ತಾದ ಹಾಗೆ. ಕೊನೆಗೆ ರಾಜಿ, 2003ರಿಂದ ರೋಲ್ಸ್ ರಾಯ್ಸ್ ಬಿಎಂಡಬ್ಲ್ಯುದ್ದು. ಇಲ್ಲಿ ಶೇಖ್ ಜಾಯೆದ್ ರಸ್ತೆಯಲ್ಲಿ ದಿನಾ ನೋಡುತ್ತೇನೆ. ನಾನು ಓಡಿಸುವುದು ಟೊಯೋಟಾ ಹೈಯೇಸ್ ವ್ಯಾನು.

ಆ ಬಿಎಂಡಬ್ಲ್ಯುವೇ 1959ರ ಡಿಸೆಂಬರಿನಲ್ಲಿ ಡೈಮ್ಲರ್ ಪಾಲಾಗಬೇಕಿತ್ತು. ಸಣ್ಣ ಷೇರುದಾರರು ಸಭೆಯಲ್ಲಿ ತಡೆದರು, ಆಮೇಲೆ ಕ್ವಾಂಟ್ ಎಂಬ ಉದ್ಯಮಿ ದುಡ್ಡು ಹಾಕಿ ಉಳಿಸಿದರು.

ಮಡಕಶಿರಾ ಕಡ್ಲೆಕಾಯಿ

ಒಂದು ಮಾತು. ನಮ್ಮ ಚಿಕ್ಕಪ್ಪ ಒಂದು ವಿದೇಶಿ ಕಂಪನಿಯ ಕಾರು ತಗೊಂಡಿದ್ದರು. ಹೆಸರು ಬೇಡ. ಅದು ವಿಲೀನ, ಸ್ವಾಧೀನ ಅಂತ ಕೈ ಬದಲಾಗಿ ಕೊನೆಗೆ ನಮ್ಮ ಕಡೆ ಶೋರೂಮೇ ಇಲ್ಲ. ಒಂದು ಬಾಗಿಲಿನ ಹಿಡಿಗೆ ನಾಲ್ಕು ತಿಂಗಳು ಕಾದರು. ಅಷ್ಟು ದಿನ ಡ್ರೈವರ್ ಸೀಟಿಗೆ ಎಡಬಾಗಿಲಿನಿಂದ ಹತ್ತಿ, ಗೇರಿನ ಮೇಲೆ ಕಾಲು ದಾಟಿಸಿ ಕೂರುತ್ತಿದ್ದರು. ಪಂಚೆ ಉಟ್ಟು.

ಉಪ್ಪಳ ಗ್ಯಾರೇಜ್

ಹಿಡಿಕೆಗೆ ನಾಲ್ಕು ತಿಂಗಳಾ! ಮುಂದಿನ ಸಲ ಫೋಟೊ ಕಳುಹಿಸಿ. ಮಂಗಳೂರಿನ ಗುಜರಿಯಲ್ಲಿ ಹುಡುಕಿದರೆ ಸಿಗುತ್ತದೆ.

ಹೊಸೂರು ಬಿ ಶಿಫ್ಟ್

ಹೊಸ ಮುರಿದ ಮದುವೆ ಯಾರೂ ಹೇಳಲಿಲ್ಲ. ಹೋಂಡಾ-ನಿಸ್ಸಾನ್. 2024ರ ಡಿಸೆಂಬರಿನಲ್ಲಿ ಮಾತು, 2025ರ ಫೆಬ್ರವರಿಯಲ್ಲಿ ಮುಗಿಯಿತು. ನಿಶ್ಚಿತಾರ್ಥದ ಹೂವು ಬಾಡುವ ಮೊದಲೇ. ಮುಂದಿನ ತಿಂಗಳೇ ಒರಗಡಂ ಕಾರ್ಖಾನೆಯ ನಿಸ್ಸಾನ್ ಪಾಲನ್ನೂ ತಾನೇ ಕೊಳ್ಳುತ್ತೇನೆ ಅಂತ ರೆನೋ ಹೇಳಿತು.

ಕುಂಬಳೆ ಮಾಷ್ಟ್ರು

ಅಡಿಕೆಗೋಣಿಯವರು ಬೈದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಜಾರಿಯಾಗಿದ್ದರೆ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ಗಾಡಿಗಳಿಗೆಲ್ಲ ಕೆಎಲ್ 14 ಬದಲು ಕೆಎ ನಂಬರ್ ಇರುತ್ತಿತ್ತು. ಇದೂ ಗಾಡಿಯ ವಿಷಯವೇ.

ಬದಿಯಡ್ಕದ ಅಡಿಕೆಗೋಣಿ

ಗೊತ್ತಿತ್ತು. ಯಾರಾದರೂ ತರುತ್ತಾರೆ ಅಂತ ಗೊತ್ತಿತ್ತು. ಮಾಷ್ಟ್ರೇ, ನಿಮಗೆ ಒಂದು ಲೋಟ ಚಹಾ ದಂಡ.

ಉಪ್ಪಳ ಗ್ಯಾರೇಜ್

ಅಡಿಕೆಗೋಣಿಯಣ್ಣ, ನೀವು ಹೇಳಿದ ನೆರೆಮನೆಯ ಜೀಪು ನಿನ್ನೆ ನಮ್ಮಲ್ಲಿಗೆ ಬಂತು. ಕ್ಲಚ್ ಜಾರುತ್ತಿದೆ ಅಂತ. ಎಂಎಂ 540. ಈ ಚರ್ಚೆ ತಲೆಯಲ್ಲಿ ಇತ್ತಲ್ಲ, ಗೇರ್‌ಬಾಕ್ಸ್ ಇಳಿಸುವ ಮೊದಲು ಬಾನೆಟ್ ಎತ್ತಿ ಬಟ್ಟೆಯಲ್ಲಿ ಎಣ್ಣೆ ಒರೆಸಿ ನೋಡಿದೆ. ಎಂಜಿನ್ ಬದಲಾಗಿಲ್ಲ, ಮೊದಲಿನದೇ. ಪ್ಯೂಜೊ ಡೀಸೆಲ್. ಎಕ್ಸ್‌ಡಿಪಿ 4.90, 2112 ಸಿಸಿ. ಪ್ಯೂಜೊದಿಂದ ಪರವಾನಗಿ ತಂದು ಮಹೀಂದ್ರ ಇಲ್ಲೇ ಮಾಡುತ್ತಿದ್ದದ್ದು. ನಮ್ಮ ಅಪ್ಪ ಇದರ ಮೇಲೇ ಕೆಲಸ ಕಲಿತದ್ದು.

ಈಗ ನೋಡಿ. ಸ್ಟೆಲ್ಲಾಂಟಿಸ್ ಅಂದರೆ ಫಿಯಟ್-ಕ್ರೈಸ್ಲರ್ ಮತ್ತು ಪ್ಯೂಜೊ ಗುಂಪು ಸೇರಿದ್ದು. ಜೀಪು ಮತ್ತು ಪ್ಯೂಜೊ ಒಂದೇ ಮನೆಗೆ ಬಂದದ್ದು 2021ರಲ್ಲಿ. ನಿಮ್ಮ ನೆರೆಮನೆಯವರ ಕೊಟ್ಟಿಗೆಯ ಪಕ್ಕ ಅವೆರಡೂ ಒಂದೇ ಚಾಸಿ ಮೇಲೆ ಕೂತು ಎಷ್ಟು ವರ್ಷ ಆಯಿತು?

ಹೊಸೂರು ಬಿ ಶಿಫ್ಟ್

ಆಸ್ಟಿನ್-ಲೇಲ್ಯಾಂಡ್ ಕಥೆಯೇ ಮತ್ತೆ!

ಬದಿಯಡ್ಕದ ಅಡಿಕೆಗೋಣಿ

ಅಣ್ಣ, ಇದನ್ನು ಓದಿ ಎದ್ದು ನಿಂತೆ. ನಾನು ರೆನೋ ಉಳಿದಿದ್ದರೆ ಜೀಪು ಫ್ರೆಂಚರದ್ದು ಆಗುತ್ತಿತ್ತು ಅಂತ ಇಷ್ಟುದ್ದ ಬರೆದೆ. ನಮ್ಮ ಗೋಣಿ ಹೊತ್ತದ್ದು ಆಗಲೇ ಅರ್ಧ ಫ್ರೆಂಚ್ ಜೀಪು. ಅಕ್ಕನ ಮಗನಿಗೆ ಹೇಳಿದೆ. ಅವನು, "ಹಾಗಾದರೆ ಮುಂದಿನ ಅರ್ಧ ಫ್ರಾನ್ಸ್, ಹಿಂದಿನ ಅರ್ಧ ಅಮೆರಿಕ, ಗೋಣಿ ಮಾತ್ರ ಬದಿಯಡ್ಕ" ಅಂದ.

ನೆರೆಮನೆಯವರು ಕೇಳುತ್ತಿದ್ದಾರೆ, ಗಾಡಿ ಯಾವಾಗ ಸಿಗುತ್ತದೆ ಅಂತ. ಎರಡನೇ ಕೊಯ್ಲಿಗೆ ಜನ ಹೇಳಿ ಆಗಿದೆ.

ಉಪ್ಪಳ ಗ್ಯಾರೇಜ್

ಕ್ಲಚ್ ಪ್ಲೇಟ್ ಮಂಗಳೂರಿನಲ್ಲಿ ಸಿಕ್ಕಿದೆ. ನಾಳೆ ಬಸ್ಸಿನಲ್ಲಿ ಹಾಕುತ್ತಾರಂತೆ. ಶನಿವಾರ ಮಧ್ಯಾಹ್ನ ಬರಲು ಹೇಳಿ. ಬರುವಾಗ ಆ ಹುಡುಗನನ್ನೂ ಕರೆದುಕೊಂಡು ಬನ್ನಿ, ಬಾನೆಟ್ ಎತ್ತಿ ತೋರಿಸುತ್ತೇನೆ.